ಬ್ರಾಯ್ಲರ್ ಫೀಡ್‌ಗೆ ಎಂಜೈಮ್: ಎಣ್ಣೆ ಎಷ್ಟು ಇಳಿಸಬಹುದು, ಲೆಕ್ಕ ಹಾಕುವುದು ಹೇಗೆ

ಗೌರಿಬಿದನೂರು, ಚಿಂತಾಮಣಿ, ಮಾಲೂರು, ಶಿರಾ ಕಡೆಗಳಲ್ಲಿ ಸ್ವಂತಕ್ಕೆ ಫೀಡ್ ಅರೆಸಿಕೊಳ್ಳುವ ಬ್ರಾಯ್ಲರ್ ಸಾಕಣೆದಾರರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಎಂಜೈಮ್ ಹಾಕಿದರೆ ಕಿಲೋ ಫೀಡ್‌ಗೆ ನೂರು ಕ್ಯಾಲರಿ ಉಳಿಯುತ್ತದೆ ಎಂದು ಮಾರಾಟಗಾರರು ಹೇಳುತ್ತಾರೆ. ಹಾಗಾದರೆ ಎಣ್ಣೆಯನ್ನು ಎಷ್ಟು ಇಳಿಸಬಹುದು? ಎಣ್ಣೆಯ ಬೆಲೆ ಏರಿದಾಗಲೆಲ್ಲ ಈ ಪ್ರಶ್ನೆ ಮತ್ತೆ ಬರುತ್ತದೆ. ಒಂದೇ ಸಾಲಿನಲ್ಲಿ ಉತ್ತರ ಹೇಳಿಬಿಟ್ಟರೆ ನಷ್ಟವಾಗುವುದು ಕೇಳಿದವರಿಗೇ ಆದ್ದರಿಂದ, ಪೂರ್ತಿ ಲೆಕ್ಕವನ್ನು ಹಂತ ಹಂತವಾಗಿ ಇಲ್ಲಿ ಕೊಡುತ್ತಿದ್ದೇನೆ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ನೀವು ಕಂಪನಿಯ ಕಾಂಟ್ರಾಕ್ಟ್‌ನಲ್ಲಿ ಮರಿ ಸಾಕುತ್ತಿದ್ದು, ಮರಿಯೂ ಫೀಡೂ ಅವರಿಂದಲೇ ಬರುತ್ತಿದ್ದರೆ ಈ ಲೇಖನ ನಿಮ್ಮ ತಿಳಿವಳಿಕೆಗೆ ಮಾತ್ರ. ಅಂಥ ಫೀಡ್‌ಗಳಲ್ಲಿ ಸಾಮಾನ್ಯವಾಗಿ ಎಂಜೈಮ್ ಆಗಲೇ ಸೇರಿರುತ್ತದೆ, ಅದರ ಲೆಕ್ಕವೂ ಸೂತ್ರದಲ್ಲಿ ಮುಗಿದಿರುತ್ತದೆ. ಅದರ ಮೇಲೆ ಇನ್ನೊಂದು ಪುಡಿಯನ್ನು ಫೀಡ್‌ಗೋ ಕುಡಿಯುವ ನೀರಿಗೋ ಬೆರೆಸುವುದರಿಂದ ನಿಮ್ಮ ಹಣ ಹೋಗುತ್ತದೆಯೇ ಹೊರತು ತೂಕ ಬರುವುದಿಲ್ಲ.

ಮೊದಲು ತಿಳಿದಿರಬೇಕಾದ ಪದಗಳು

ಚಯಾಪಚಯ ಶಕ್ತಿ, ಅಂದರೆ ಫೀಡ್ ಚೀಟಿಯಲ್ಲಿ ಎಂ.ಇ. ಎಂದು ಬರೆಯುವುದು: ಕೋಳಿ ತಿಂದ ಆಹಾರದಲ್ಲಿರುವ ಒಟ್ಟು ಶಕ್ತಿಯಿಂದ ಹಿಕ್ಕೆಯ ಮೂಲಕ ಹೊರಹೋಗುವ ಶಕ್ತಿಯನ್ನು ಕಳೆದರೆ ಉಳಿಯುವ ಪ್ರಮಾಣ. ಇದನ್ನು ಕಿಲೋ ಫೀಡ್‌ಗೆ ಇಷ್ಟು ಕಿಲೋ ಕ್ಯಾಲರಿ ಎಂದು ಅಳೆಯುತ್ತಾರೆ. ಸಾಕಣೆದಾರರು ಬಾಯಿಮಾತಿನಲ್ಲಿ ಬರೀ ಕ್ಯಾಲರಿ ಎನ್ನುತ್ತಾರೆ, ನಾನೂ ಮುಂದೆ ಹಾಗೆಯೇ ಬರೆಯುತ್ತೇನೆ. ಭಾರತೀಯ ಮಾನಕ ಬ್ಯೂರೋ 2007ರ ಮಾನದಂಡದಲ್ಲಿ ಬ್ರಾಯ್ಲರ್ ಪ್ರಿಸ್ಟಾರ್ಟರ್‌ಗೆ (ಮರಿಗಳ ಮೊದಲ ಫೀಡ್) 3000, ಸ್ಟಾರ್ಟರ್‌ಗೆ (ಅದರ ನಂತರದ ಫೀಡ್) 3100, ಫಿನಿಶರ್‌ಗೆ (ಮಾರುವವರೆಗಿನ ಕೊನೆಯ ಫೀಡ್) 3200 ಕ್ಯಾಲರಿ ನಿಗದಿ ಮಾಡಿದೆ. ಅದೇ ಕ್ರಮದಲ್ಲಿ ಪ್ರೋಟೀನ್ ಶೇ. 23, 22 ಮತ್ತು 20.

ಎಂಜೈಮ್ ಅಥವಾ ಕಿಣ್ವ: ಆಹಾರದಲ್ಲಿರುವ ನಿರ್ದಿಷ್ಟ ವಸ್ತುವೊಂದನ್ನು ಕತ್ತರಿಸಿ ಜೀರ್ಣಕ್ಕೆ ಒದಗಿಸುವ ಪ್ರೋಟೀನ್. ಅದು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಫೀಡ್‌ನೊಳಗೆ ಇದ್ದೂ ಕೋಳಿಗೆ ದಕ್ಕದೆ ಹಿಕ್ಕೆಯಲ್ಲಿ ಹೋಗುತ್ತಿದ್ದ ಶಕ್ತಿಯಲ್ಲಿ ಒಂದಷ್ಟನ್ನು ಮರಳಿ ದಕ್ಕಿಸಿಕೊಡುತ್ತದೆ. ಮುಂದಿನ ಎಲ್ಲ ಲೆಕ್ಕವೂ ಈ ಮಾತಿನ ಮೇಲೆ ನಿಂತಿದೆ.

ಎನ್‌ಎಸ್‌ಪಿ: ಧಾನ್ಯಗಳ ಜೀವಕೋಶದ ಗೋಡೆಯಲ್ಲಿರುವ, ಪಿಷ್ಟವಲ್ಲದ ಶರ್ಕರ ಸರಪಳಿಗಳು. ಇವನ್ನು ಕತ್ತರಿಸುವ ಎಂಜೈಮ್ ಕೋಳಿಯ ದೇಹದಲ್ಲಿ ತಯಾರಾಗುವುದಿಲ್ಲ. ಗೋಡೆ ಒಡೆಯದಿದ್ದರೆ ಅದರೊಳಗಿನ ಪಿಷ್ಟ ಮತ್ತು ಪ್ರೋಟೀನಿನ ಒಂದು ಪಾಲು ಹಾಗೆಯೇ ಹೊರಹೋಗುತ್ತದೆ.

ಮ್ಯಾಟ್ರಿಕ್ಸ್ ಮೌಲ್ಯ: ಈ ಎಂಜೈಮ್ ಇಂತಿಷ್ಟು ಹಾಕಿದರೆ ಕಿಲೋ ಫೀಡ್‌ಗೆ ಇಷ್ಟು ಕ್ಯಾಲರಿ, ಇಷ್ಟು ರಂಜಕ ಬಂದಂತೆ ಲೆಕ್ಕ ಹಿಡಿಯಬಹುದು ಎಂದು ತಯಾರಕರು ಕೊಡುವ ಅಂಕಿ. ಇದು ಅನುಕೂಲ ಪರಿಸ್ಥಿತಿಯಲ್ಲಿ ಸಿಗುವ ಅಂಕಿ ಎಂಬುದನ್ನು ಮರೆಯಬೇಡಿ.

ಕೈಯಲ್ಲಿ ಇರಬೇಕಾದವು: ಗ್ರಾಂ ತೂಗುವ ಸಣ್ಣ ತಕ್ಕಡಿ, ಮರಿ ತೂಗುವ ತಕ್ಕಡಿ, ಈಗ ಬಳಸುತ್ತಿರುವ ಫೀಡ್ ಸೂತ್ರದ ಚೀಟಿ, ಎಂಜೈಮ್‌ನ ಲೇಬಲ್ ಜೊತೆಗೆ ಅದರ ತಾಂತ್ರಿಕ ಹಾಳೆ. ತಾಂತ್ರಿಕ ಹಾಳೆ ಕೊಡಲು ಒಪ್ಪದವರಿಂದ ಎಂಜೈಮ್ ಕೊಳ್ಳಬೇಡಿ.

ಹಂತ 1: ಮೆಕ್ಕೆಜೋಳದ ತೇವಾಂಶ ನೋಡಿ

ಎಂಜೈಮ್ ಬಗ್ಗೆ ಕೇಳಿದರೆ ಜೋಳದ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ಫೀಡ್‌ನ ಶಕ್ತಿಯಲ್ಲಿ ಹೆಚ್ಚಿನ ಪಾಲು ಬರುವುದು ಮೆಕ್ಕೆಜೋಳದಿಂದಲೇ (ಇಲ್ಲಿ ಬರೀ ಜೋಳ ಎಂದರೂ ಮೆಕ್ಕೆಜೋಳವೇ). ತೇವಾಂಶ ಶೇ. 11ರಷ್ಟಿರುವ ಒಳ್ಳೆಯ ಜೋಳಕ್ಕೆ ಕಿಲೋಗೆ ಸುಮಾರು 3350 ಕ್ಯಾಲರಿ ಎಂದು ಹಿಡಿಯುತ್ತೇವೆ. ಅದೇ ಜೋಳ ಶೇ. 16 ತೇವದಲ್ಲಿ ಬಂದರೆ ಒಣ ಅಂಶ 89ರಿಂದ 84ಕ್ಕೆ ಇಳಿಯುತ್ತದೆ, ಶಕ್ತಿಯೂ ಅದೇ ಪ್ರಮಾಣದಲ್ಲಿ ಇಳಿದು ಸುಮಾರು 3160 ಆಗುತ್ತದೆ. ಟನ್ ಫೀಡ್‌ಗೆ 610 ಕಿಲೋ ಜೋಳ ಹಾಕುವವರಿಗೆ ಇದರಿಂದ ಕಿಲೋ ಫೀಡ್‌ಗೆ ಸುಮಾರು 115 ಕ್ಯಾಲರಿ ಕೈತಪ್ಪುತ್ತದೆ. ಮಾರಾಟಗಾರ ಹೇಳುವ ನೂರು ಕ್ಯಾಲರಿ ಎಂಜೈಮ್ ಚೀಲ ಬಿಚ್ಚುವ ಮೊದಲೇ ಹೋಯಿತು.

ತೇವಾಂಶ ಮಾಪಕ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಹಳೆಯ ಉಪ್ಪಿನ ಪರೀಕ್ಷೆ ಮಾಡಿ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗದಷ್ಟು ಜೋಳ ಹಾಕಿ, ಬಿಸಿಲಿನಲ್ಲಿ ಒಣಗಿಸಿದ ಪುಡಿ ಉಪ್ಪನ್ನು ಎರಡು ಚಮಚ ಸೇರಿಸಿ, ಮುಚ್ಚಳ ಹಾಕಿ ಒಂದೆರಡು ನಿಮಿಷ ಕುಲುಕಿ, ಆಮೇಲೆ ಹತ್ತು ನಿಮಿಷ ಹಾಗೇ ಬಿಡಿ. ಉಪ್ಪು ಬಾಟಲಿಯ ಒಳಮೈಗೆ ಅಂಟಿಕೊಂಡಿದ್ದರೆ ತೇವಾಂಶ ಶೇ. 15ರ ಆಸುಪಾಸು ಅಥವಾ ಅದಕ್ಕೂ ಮೇಲಿದೆ. ಆ ಜೋಳವನ್ನು ಒಣಗಿಸದೆ ಅರೆಸಬೇಡಿ. ದಾವಣಗೆರೆ, ಹಾವೇರಿ ಕಡೆಯಿಂದ ಲಾರಿಯಲ್ಲಿ ಬರುವ ಹೊಸ ಫಸಲನ್ನು ಹೀಗೆ ನೋಡದೆ ಇಳಿಸಿಕೊಳ್ಳಲೇಬಾರದು.

ಎಚ್ಚರಿಕೆ: ಒದ್ದೆ ಜೋಳಕ್ಕೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿದ್ದರೆ ಇಲ್ಲಿ ಹೇಳುವ ಯಾವ ಎಂಜೈಮ್ ಕೂಡ ಅದನ್ನು ತೆಗೆಯುವುದಿಲ್ಲ. ಪಾವಗಡ, ಶಿರಾ ಭಾಗದಲ್ಲಿ ಅಗ್ಗಕ್ಕೆ ಸಿಗುವ ಕಡಲೆಕಾಯಿ ಹಿಂಡಿಗೂ ಈ ಮಾತು ಅನ್ವಯಿಸುತ್ತದೆ.

ಹಂತ 2: ಈಗಿನ ಫೀಡ್‌ನ ಶಕ್ತಿ ಲೆಕ್ಕ ಹಾಕಿ

ಎಷ್ಟಿದೆ ಎಂದು ಗೊತ್ತಿಲ್ಲದೆ ಎಷ್ಟು ಇಳಿಸಬೇಕೆಂದು ನಿರ್ಧರಿಸಲಾಗದು. ಒಂದು ಟನ್ ಫಿನಿಶರ್‌ನಲ್ಲಿ ಮೆಕ್ಕೆಜೋಳ 610 ಕಿಲೋ, ಸೋಯಾ ಹಿಂಡಿ 300 ಕಿಲೋ, ಎಣ್ಣೆ 50 ಕಿಲೋ ಇದೆ ಎಂದಿಟ್ಟುಕೊಳ್ಳಿ. ಉಳಿದ 40 ಕಿಲೋ ಡಿಸಿಪಿ (ರಂಜಕ, ಕ್ಯಾಲ್ಸಿಯಂ ಕೊಡುವ ಡೈಕ್ಯಾಲ್ಸಿಯಂ ಫಾಸ್ಫೇಟ್), ಸುಣ್ಣಕಲ್ಲಿನ ಪುಡಿ, ಉಪ್ಪು, ಲೈಸಿನ್, ಮೆಥಿಯೋನಿನ್, ವಿಟಮಿನ್ ಇತ್ಯಾದಿ. ಇವುಗಳಿಂದ ಬರುವ ಶಕ್ತಿ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ.

ಜೋಳ: 610 × 3350 = 20,43,500
ಸೋಯಾ ಹಿಂಡಿ: 300 × 2350 = 7,05,000
ಎಣ್ಣೆ: 50 × 8800 = 4,40,000

ಒಟ್ಟು 31,88,500. ಸಾವಿರದಿಂದ ಭಾಗಿಸಿದರೆ ಕಿಲೋಗೆ ಸುಮಾರು 3190 ಕ್ಯಾಲರಿ. ನಿಮ್ಮ ಸೂತ್ರವನ್ನು ಇದೇ ರೀತಿ ಬರೆದು ನೋಡಿ. ಲೆಕ್ಕ ಆಗಲೇ 3050ರ ಹತ್ತಿರ ನಿಂತಿದ್ದರೆ, ಎಂಜೈಮ್ ಹಾಕಿ, ಆದರೆ ಎಣ್ಣೆಗೆ ಕೈ ಹಚ್ಚಬೇಡಿ. ಮೊದಲೇ ಕೊರತೆಯಿರುವ ಫೀಡ್‌ನಲ್ಲಿ ಇನ್ನಷ್ಟು ಕಡಿತ ಮಾಡಿದರೆ ಕೋಳಿ ಅದನ್ನು ಸರಿದೂಗಿಸಲು ಹೆಚ್ಚು ತಿನ್ನುತ್ತದೆ, ಫೀಡ್‌ನ ಖರ್ಚು ಏರುತ್ತದೆ.

ಹಂತ 3: ನಿಮ್ಮ ಪದಾರ್ಥಗಳಿಗೆ ತಕ್ಕ ಎಂಜೈಮ್ ಆರಿಸಿ

ಎಂಜೈಮ್ ತನ್ನ ಕೆಲಸದ ವಸ್ತು ಫೀಡ್‌ನಲ್ಲಿದ್ದರೆ ಮಾತ್ರ ಕೆಲಸ ಮಾಡುತ್ತದೆ.

ಫೈಟೇಸ್ ಎಲ್ಲರಿಗೂ ಪ್ರಯೋಜನಕ್ಕೆ ಬರುತ್ತದೆ. ಧಾನ್ಯ ಮತ್ತು ಹಿಂಡಿಗಳಲ್ಲಿರುವ ರಂಜಕದಲ್ಲಿ ಸುಮಾರು ಮೂರನೇ ಎರಡು ಭಾಗ ಫೈಟೇಟ್ ಎಂಬ ರೂಪದಲ್ಲಿ ಕಟ್ಟಿಕೊಂಡಿದ್ದು ಕೋಳಿಗೆ ಸರಿಯಾಗಿ ದಕ್ಕುವುದಿಲ್ಲ. ಆ ಕಟ್ಟನ್ನು ಬಿಡಿಸುವುದು ಫೈಟೇಸ್. 1991ರಲ್ಲಿ ಮೊದಲ ಬಾರಿಗೆ ಮಾರುಕಟ್ಟೆಗೆ ಬಂದ ಇದು, ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಕೋಳಿ ಫೀಡ್ ಎಂಜೈಮ್‌ಗಳಲ್ಲಿ ಒಂದು.

ಝೈಲನೇಸ್ ಜೀವಕೋಶದ ಗೋಡೆಯ ಅರಬಿನೋಝೈಲಾನ್ ಎಂಬ ಸರಪಳಿಯನ್ನು ಕತ್ತರಿಸುತ್ತದೆ. ಗೋಧಿ ಹೆಚ್ಚು ಹಾಕುವ ದೇಶಗಳಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ, ಏಕೆಂದರೆ ಗೋಧಿಯ ಈ ಸರಪಳಿ ನೀರಿನಲ್ಲಿ ಕರಗಿ ಕರುಳಿನ ಒಳಗೆ ಅಂಟು ಉಂಟುಮಾಡುತ್ತದೆ. ನಮ್ಮ ಜೋಳ, ಸೋಯಾ ಫೀಡ್‌ನಲ್ಲಿ ಅಂಥ ಅಂಟು ಕಡಿಮೆ, ಲಾಭವೂ ಅಷ್ಟು ದೊಡ್ಡದಲ್ಲ. ಇಲ್ಲಿ ಝೈಲನೇಸ್‌ನ ಮುಖ್ಯ ಕೆಲಸ ಗೋಡೆ ಸಡಿಲಿಸಿ ಒಳಗಿನ ಪಿಷ್ಟವನ್ನು ಬಿಡಿಸಿಕೊಡುವುದು. ಜೋಳದ ಪಿಷ್ಟ ಹೇಗೂ ಶೇ. 95ಕ್ಕೂ ಹೆಚ್ಚು ಜೀರ್ಣವಾಗುವುದರಿಂದ ಉಳಿದಿರುವ ಅವಕಾಶವೇ ಚಿಕ್ಕದು. ಗೋಧಿ ಫೀಡ್‌ನ ಪ್ರಯೋಗದ ಅಂಕಿಗಳನ್ನು ತೋರಿಸಿ ಇಲ್ಲಿ ಮಾರುವವರಿಗೆ, ಜೋಳ ಮತ್ತು ಸೋಯಾ ಫೀಡ್‌ನಲ್ಲಿ ಮಾಡಿದ ಪ್ರಯೋಗ ಎಲ್ಲಿದೆ ಎಂದು ಕೇಳಿ.

ಮ್ಯಾನನೇಸ್ ಸೋಯಾ ಹಿಂಡಿಯಲ್ಲಿರುವ ಮ್ಯಾನನ್ ಸರಪಳಿಯ ಮೇಲೆ ಕೆಲಸ ಮಾಡುತ್ತದೆ. ಸೋಯಾ ಶೇ. 30ರಷ್ಟು ಹಾಕುವ ನಮ್ಮಂಥ ಕಡೆ ಇದಕ್ಕೆ ಅರ್ಥವಿದೆ. ಪ್ರೋಟಿಯೇಸ್ ಪ್ರೋಟೀನಿಗೆ, ಅಮೈಲೇಸ್ ಪಿಷ್ಟಕ್ಕೆ. ಈ ಎರಡನ್ನೂ ಕೋಳಿಯ ದೇಹವೇ ಸ್ವಲ್ಪಮಟ್ಟಿಗೆ ತಯಾರಿಸುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ತೌಡಿನದು. ತುಮಕೂರು ಸುತ್ತಲಿನ ಅಕ್ಕಿ ಗಿರಣಿಗಳಿಂದ ತೌಡು ಸುಲಭವಾಗಿ ಸಿಗುತ್ತದೆ, ಎಂಜೈಮ್ ಹಾಕಿದ್ದೇವಲ್ಲ ಎಂದು ಶೇ. 10, 12ರವರೆಗೂ ಸುರಿಯುತ್ತಾರೆ. ತೌಡಿನ ನಾರು ಝೈಲನೇಸ್‌ಗೆ ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ಎಣ್ಣೆ ತೆಗೆದ ತೌಡಿನಲ್ಲಿ ಶಕ್ತಿಯೇ ಕಡಿಮೆ. ಎಣ್ಣೆ ತೆಗೆಯದ ತೌಡು ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ಬ್ರಾಯ್ಲರ್ ಫಿನಿಶರ್‌ನಲ್ಲಿ ಶೇ. 5 ದಾಟದಿರುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ, ಮರಿಗಳ ಫೀಡ್‌ನಲ್ಲಿ ತೌಡು ಬೇಡವೇ ಬೇಡ.

ಹಂತ 4: ಎಣ್ಣೆಯನ್ನು ಎಷ್ಟು ಇಳಿಸಬೇಕು

ಎಂಜೈಮ್ ಬಳಸಲು ಎರಡು ದಾರಿಗಳಿವೆ. ಸೂತ್ರವನ್ನು ಹಾಗೆಯೇ ಇಟ್ಟು ಅದರ ಮೇಲೆ ಎಂಜೈಮ್ ಸೇರಿಸುವುದು ಒಂದು. ಮ್ಯಾಟ್ರಿಕ್ಸ್ ಮೌಲ್ಯದಷ್ಟು ಶಕ್ತಿಯನ್ನು ಸೂತ್ರದಿಂದ ಕಳೆದು ಆ ಜಾಗವನ್ನು ಎಂಜೈಮ್ ತುಂಬಲೆಂದು ಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ಖರ್ಚು ಹೆಚ್ಚುತ್ತದೆ, ಅಪಾಯವಿಲ್ಲ. ಎರಡನೆಯದರಲ್ಲಿ ಉಳಿತಾಯವಿದೆ, ಲೆಕ್ಕ ತಪ್ಪಿದರೆ ತೂಕ ಬೀಳುತ್ತದೆ.

ತಯಾರಕರು 80 ಕ್ಯಾಲರಿ ಎಂದು ಬರೆದಿದ್ದರೆ ಮೊದಲ ಬ್ಯಾಚ್‌ಗೆ 50 ಮಾತ್ರ ಹಿಡಿಯಿರಿ. ಟನ್ ಫೀಡ್‌ನಲ್ಲಿ ಇದು 50,000 ಕ್ಯಾಲರಿ. ಇದನ್ನು ಎಣ್ಣೆಯ 8800ರಿಂದ ಭಾಗಿಸಿ ಆರು ಕಿಲೋಗಿಂತ ಕಡಿಮೆ ಎನ್ನುವವರಿದ್ದಾರೆ. ಅದು ಸರಿಯಲ್ಲ, ಏಕೆಂದರೆ ಎಣ್ಣೆ ತೆಗೆದ ಜಾಗಕ್ಕೆ ಜೋಳ ಬರುತ್ತದೆ, ಜೋಳಕ್ಕೂ ತನ್ನ ಶಕ್ತಿಯಿದೆ. ಒಂದು ಕಿಲೋ ಎಣ್ಣೆ ತೆಗೆದು ಒಂದು ಕಿಲೋ ಜೋಳ ಹಾಕಿದರೆ ಇಳಿಯುವುದು 8800ರಲ್ಲಿ 3350 ಕಳೆದು ಉಳಿಯುವ 5450 ಕ್ಯಾಲರಿ. 50,000ವನ್ನು 5450ರಿಂದ ಭಾಗಿಸಿದರೆ ಸುಮಾರು 9 ಕಿಲೋ. ಹಂತ 2ರ ಸೂತ್ರದಲ್ಲಿ ಎಣ್ಣೆ 50ರಿಂದ 41 ಕಿಲೋಗೆ ಇಳಿಯುತ್ತದೆ, ಜೋಳ 610ರಿಂದ 619ಕ್ಕೆ ಏರುತ್ತದೆ. ಹೊಸ ಲೆಕ್ಕ ಸುಮಾರು 3140 ಬರುತ್ತದೆ. ಉಳಿದ 50 ಎಂಜೈಮ್‌ನ ಹೊಣೆ.

ಕಡಿತವನ್ನು ಎಣ್ಣೆಯಲ್ಲಿ ಮಾತ್ರ ಮಾಡಿ, ಸೋಯಾ ಹಿಂಡಿಯನ್ನು ಮುಟ್ಟಬೇಡಿ. ಶಕ್ತಿಗೂ ಪ್ರೋಟೀನಿಗೂ ಇರಬೇಕಾದ ಹೊಂದಾಣಿಕೆ ಕೆಟ್ಟರೆ ಎದೆಯ ಮಾಂಸ ಕಡಿಮೆಯಾಗಿ ಹೊಟ್ಟೆಯ ಕೊಬ್ಬು ಹೆಚ್ಚುತ್ತದೆ.

ಇನ್ನು ಮೂರು ಎಚ್ಚರಿಕೆಗಳು. ಮೊದಲನೆಯದಾಗಿ, ಎರಡು ಎಂಜೈಮ್‌ಗಳ ಮ್ಯಾಟ್ರಿಕ್ಸ್ ಮೌಲ್ಯಗಳನ್ನು ಕೂಡಿಸಬೇಡಿ. ಝೈಲನೇಸ್‌ಗೆ 80, ಮ್ಯಾನನೇಸ್‌ಗೆ 60, ಫೈಟೇಸ್‌ಗೆ 50 ಎಂದು ಬರೆದಿದ್ದರೆ 190 ಕ್ಯಾಲರಿ ಸಿಗುವುದಿಲ್ಲ. ಒಂದು ಎಂಜೈಮ್ ದಕ್ಕಿಸಿಕೊಟ್ಟ ಪಿಷ್ಟವನ್ನು ಇನ್ನೊಂದು ಮತ್ತೊಮ್ಮೆ ದಕ್ಕಿಸಿಕೊಡಲು ಸಾಧ್ಯವಿಲ್ಲ. ಎರಡನೆಯದಾಗಿ, ಪ್ರಿಸ್ಟಾರ್ಟರ್‌ನಲ್ಲಿ ಯಾವ ಕಡಿತವನ್ನೂ ಮಾಡಬೇಡಿ. ಮೊದಲ ವಾರದ ಮರಿಯ ಕರುಳು ಇನ್ನೂ ಬೆಳೆಯುತ್ತಿರುತ್ತದೆ, ಆ ವಾರ ಕಳೆದುಕೊಂಡ ತೂಕ ಮುಂದೆ ಪೂರ್ತಿ ಮರಳುವುದಿಲ್ಲ. ಮೂರನೆಯದು ಬೇಸಿಗೆ. ಮಾರ್ಚ್‌ನಿಂದ ಮೇವರೆಗೆ ಶಿರಾ, ಪಾವಗಡ, ಬಾಗೇಪಲ್ಲಿ ಕಡೆಯ ಸೆಕೆಯಲ್ಲಿ ಕೋಳಿ ತಿನ್ನುವುದೇ ಕಡಿಮೆಯಾಗುತ್ತದೆ. ಪಿಷ್ಟ, ಪ್ರೋಟೀನುಗಳಿಗೆ ಹೋಲಿಸಿದರೆ ಎಣ್ಣೆ ಜೀರ್ಣವಾಗುವಾಗ ಮೈಯಲ್ಲಿ ಹುಟ್ಟುವ ಶಾಖ ಕಡಿಮೆ, ಹಾಗಾಗಿ ಆ ತಿಂಗಳುಗಳಲ್ಲಿ ಎಣ್ಣೆ ಬೇಕೇ ಬೇಕು. ಎಣ್ಣೆ ಇಳಿಸುವ ಪ್ರಯೋಗವನ್ನು ಮಳೆಗಾಲ ಕಳೆದ ಮೇಲೆ ಶುರುಮಾಡಿ.

ಹಂತ 5: ಫೈಟೇಸ್ ಹಾಕಿ ಡಿಸಿಪಿ ಇಳಿಸುವುದು

ಫೈಟೇಸ್‌ನ ಬಲವನ್ನು ಎಫ್‌ಟಿಯು ಎಂಬ ಘಟಕದಲ್ಲಿ ಅಳೆಯುತ್ತಾರೆ. ಕಿಲೋ ಫೀಡ್‌ಗೆ 500 ಎಫ್‌ಟಿಯು ಎಂಬುದು ರೂಢಿಯ ಪ್ರಮಾಣ. ಗ್ರಾಂಗೆ 5000 ಎಫ್‌ಟಿಯು ಇರುವ ಪುಡಿಯಾದರೆ ಟನ್ನಿಗೆ 100 ಗ್ರಾಂ ಸಾಕು.

ಲೇಬಲ್‌ನಲ್ಲಿ ದಕ್ಕುವ ರಂಜಕ ಶೇ. 0.12 ಎಂದಿದ್ದರೆ ಅದು ಟನ್ನಿಗೆ 1.2 ಕಿಲೋ ರಂಜಕ. ಡಿಸಿಪಿಯಲ್ಲಿ ರಂಜಕ ಸುಮಾರು ಶೇ. 18, ಹಾಗಾಗಿ ಸುಮಾರು ಆರೂವರೆ ಕಿಲೋ ಡಿಸಿಪಿ ಇಳಿಸಬಹುದು. ಆದರೆ ಡಿಸಿಪಿಯ ಜೊತೆ ಕ್ಯಾಲ್ಸಿಯಂ ಕೂಡ ಹೋಗುತ್ತದೆ: ಆರೂವರೆ ಕಿಲೋದಲ್ಲಿ ಸುಮಾರು ಒಂದೂವರೆ ಕಿಲೋ. ಫೈಟೇಸ್ ಶೇ. 0.1ರಷ್ಟು ಕ್ಯಾಲ್ಸಿಯಂ ಬಿಡಿಸಿಕೊಡುತ್ತದೆ ಎಂದು ಲೇಬಲ್ ಹೇಳಿದರೆ ಟನ್ನಿಗೆ ಒಂದು ಕಿಲೋ ಅಲ್ಲಿಂದ ಬಂತು. ಉಳಿದ ಅರ್ಧ ಕಿಲೋಗೆ, ಶೇ. 38 ಕ್ಯಾಲ್ಸಿಯಂ ಇರುವ ಸುಣ್ಣಕಲ್ಲಿನ ಪುಡಿ ಸುಮಾರು 1.3 ಕಿಲೋ ಸೇರಿಸಿ. ಡಿಸಿಪಿ ತೆಗೆದ ಜಾಗವನ್ನೆಲ್ಲ ಅಗ್ಗವೆಂದು ಸುಣ್ಣಕಲ್ಲಿನ ಪುಡಿಯಿಂದ ತುಂಬುವುದು ಬಹಳ ಕಡೆ ನಡೆಯುವ ತಪ್ಪು. ಕ್ಯಾಲ್ಸಿಯಂ ಹೆಚ್ಚಾದಷ್ಟೂ ಫೈಟೇಟ್ ಅದರೊಡನೆ ಗಟ್ಟಿಯಾಗಿ ಕಟ್ಟಿಕೊಂಡು ಫೈಟೇಸ್‌ಗೆ ಸಿಗದಂತಾಗುತ್ತದೆ. ಉಳಿದ ಜಾಗಕ್ಕೆ ಜೋಳ ಹಾಕಿ.

ಲೆಕ್ಕ ತಪ್ಪಿದ್ದರೆ ಎರಡು, ಮೂರನೆಯ ವಾರದಲ್ಲಿ ಕಾಲಿನಲ್ಲಿ ತಿಳಿಯುತ್ತದೆ. ಮರಿಗಳು ಎದ್ದು ಓಡಾಡದೆ ಫೀಡರ್ ಪಕ್ಕದಲ್ಲೇ ಕೂರುತ್ತವೆ. ಸತ್ತ ಮರಿಯ ಕಾಲಿನ ಎಲುಬನ್ನು ಎರಡೂ ಕೈಯಲ್ಲಿ ಹಿಡಿದು ಮುರಿಯಿರಿ: ಲಟಕ್ಕನೆ ಸದ್ದು ಮಾಡಿ ಮುರಿದರೆ ಖನಿಜ ಸರಿಯಿದೆ, ರಬ್ಬರಿನಂತೆ ಬಾಗಿದರೆ ಅದೇ ದಿನ ಹಳೆಯ ಪ್ರಮಾಣದ ಡಿಸಿಪಿಗೆ ಮರಳಿ, ಪಶುವೈದ್ಯರಿಗೆ ತೋರಿಸಿ.

ಹಂತ 6: ಬೆರೆಸುವುದು ಮತ್ತು ಇಡುವುದು

100 ಗ್ರಾಂ ಪುಡಿಯನ್ನು ನೇರವಾಗಿ ಒಂದು ಟನ್ ಮಿಕ್ಸರ್‌ಗೆ ಎಸೆದರೆ ಒಂದು ಚೀಲಕ್ಕೆ ಎಲ್ಲವೂ, ಇನ್ನೊಂದಕ್ಕೆ ಏನೂ ಇಲ್ಲ ಎಂಬಂತಾಗುತ್ತದೆ. ಮೊದಲು ಒಂದು ಕಿಲೋ ನುಣ್ಣನೆಯ ಜೋಳದ ಹಿಟ್ಟಿನಲ್ಲಿ ಕೈಯಿಂದ ಬೆರೆಸಿ. ಅದನ್ನು ಹತ್ತು ಕಿಲೋದಲ್ಲಿ ಬೆರೆಸಿ. ಆಮೇಲೆ ಅರ್ಧ ತುಂಬಿದ ಮಿಕ್ಸರ್‌ಗೆ ಹಾಕಿ. ಎಣ್ಣೆಯನ್ನು ಎಲ್ಲಕ್ಕಿಂತ ಕೊನೆಗೆ ಸುರಿಯಿರಿ, ಮೊದಲೇ ಸುರಿದರೆ ಪುಡಿ ಉಂಡೆ ಕಟ್ಟುತ್ತದೆ.

ಮ್ಯಾಶ್, ಅಂದರೆ ಪುಡಿ ಫೀಡ್ ಮಾಡುವವರಿಗೆ ಶಾಖದ ಚಿಂತೆಯಿಲ್ಲ. ಪೆಲೆಟ್ ಮಾಡಿಸುವವರು ಮಾತ್ರ ಗಿರಣಿಯವರನ್ನು ಹಬೆಯ ಉಷ್ಣಾಂಶ ಕೇಳಿಕೊಳ್ಳಿ. 80, 85 ಡಿಗ್ರಿಯಲ್ಲಿ ಸಾಧಾರಣ ಎಂಜೈಮ್ ಬಹುಪಾಲು ಸತ್ತುಹೋಗುತ್ತದೆ. ಶಾಖ ತಡೆಯುವ ಲೇಪವಿರುವ ಎಂಜೈಮ್ ಬೇಕೆಂದು ಕೇಳಿ ಕೊಳ್ಳಿ.

ಎಂಜೈಮ್ ಚೀಲವನ್ನು ತಗಡಿನ ಶೆಡ್‌ನೊಳಗೆ ಇಡಬೇಡಿ. ತಂಪಾದ, ಒಣ ಕೋಣೆಯಲ್ಲಿ ಇಡಿ. ಕೋಲೀನ್ ಕ್ಲೋರೈಡ್ ಮತ್ತು ಖನಿಜ ಮಿಶ್ರಣದ ಜೊತೆ ಮೊದಲೇ ಬೆರೆಸಿ ವಾರಗಟ್ಟಲೆ ಇಟ್ಟರೆ ಎಂಜೈಮ್‌ನ ಬಲ ಕುಗ್ಗುತ್ತದೆ, ಆಯಾ ದಿನಕ್ಕೆ ಬೇಕಾದಷ್ಟನ್ನೇ ತೂಗಿಕೊಳ್ಳಿ.

ಹಂತ 7: ನಿಮ್ಮ ಶೆಡ್‌ನಲ್ಲೇ ಪರೀಕ್ಷಿಸಿ

ಇಡೀ ಶೆಡ್‌ಗೆ ಒಮ್ಮೆಲೇ ಹೊಸ ಫೀಡ್ ಹಾಕಬೇಡಿ. ಒಂದೇ ಹ್ಯಾಚರಿಯಿಂದ ಒಂದೇ ದಿನ ಬಂದ ಮರಿಗಳಲ್ಲಿ ಇನ್ನೂರು ಇನ್ನೂರರಂತೆ ಆರಿಸದೆ ಎಣಿಸಿ ನಾಲ್ಕು ಅಂಕಣಗಳಲ್ಲಿ, ಅಂದರೆ ಶೆಡ್‌ನೊಳಗೆ ಬೇರ್ಪಡಿಸಿದ ಭಾಗಗಳಲ್ಲಿ ಬಿಡಿ. ಎರಡಕ್ಕೆ ಹಳೆಯ ಫೀಡ್, ಎರಡಕ್ಕೆ ಹೊಸದು, ಒಂದು ಬಿಟ್ಟು ಒಂದರಂತೆ. ಹಳೆಯದೆಲ್ಲ ಬಾಗಿಲ ಬಳಿ, ಹೊಸದೆಲ್ಲ ಗಾಳಿ ಆಡುವ ತುದಿಯಲ್ಲಿ ಎಂದಾದರೆ ನೀವು ಗಾಳಿಯನ್ನು ಅಳೆದಂತಾಗುತ್ತದೆ. ವಾರಕ್ಕೊಮ್ಮೆ ತೂಗಿ, ತಿಂದ ಫೀಡ್ ಬರೆದಿಡಿ, ಸತ್ತ ಮರಿಯ ತೂಕವನ್ನೂ ಬರೆಯಿರಿ.

ಹಾಸಿನಿಂದಲೂ ಒಂದಷ್ಟು ತಿಳಿಯುತ್ತದೆ. ನೀರಿನ ಗಿಂಡಿಯಿಂದ ದೂರದ ಜಾಗದಲ್ಲಿ ಒಂದು ಹಿಡಿ ಭತ್ತದ ಹೊಟ್ಟು ತೆಗೆದು ಮುಷ್ಟಿ ಬಿಗಿದು ಬಿಡಿ: ಉದುರಿದರೆ ಚೆನ್ನಾಗಿದೆ, ಉಂಡೆಯಾಗಿ ನಿಂತರೆ ಹಿಕ್ಕೆಯಲ್ಲಿ ನೀರು ಹೆಚ್ಚಿದೆ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್‌ವೆಲ್‌ಗಳಲ್ಲಿ ಲವಣ ಹೆಚ್ಚಿರುವುದುಂಟು, ಆ ನೀರೇ ಹಿಕ್ಕೆಯನ್ನು ತೆಳುವಾಗಿಸಬಲ್ಲದು. ಎಂಜೈಮ್ ಮೇಲೆ ದೂರು ಹೇಳುವ ಮೊದಲು ನೀರು ಪರೀಕ್ಷೆ ಮಾಡಿಸಿ.

ಕೊನೆಗೆ ನೋಡಬೇಕಾದದ್ದು ಎಫ್‌ಸಿಆರ್, ಅಂದರೆ ಒಂದು ಕಿಲೋ ತೂಕ ಬರಲು ತಿಂದ ಫೀಡ್, ಮತ್ತು ಅದರ ಬೆಲೆ. ಲೆಕ್ಕದ ಅನುಕೂಲಕ್ಕೆ ಕೆಲವು ಬೆಲೆಗಳನ್ನು ಹಿಡಿಯೋಣ: ಎಣ್ಣೆ ಕಿಲೋಗೆ 120 ರೂಪಾಯಿ, ಜೋಳ 24, ಹಳೆಯ ಫೀಡ್ 40. 9 ಕಿಲೋ ಎಣ್ಣೆಯ ಬದಲು ಜೋಳ ಹಾಕಿದ್ದರಿಂದ ಟನ್ನಿಗೆ 864 ರೂಪಾಯಿ ಉಳಿಯಿತು. ಎಂಜೈಮ್‌ಗೆ 200 ಹೋಯಿತು. ನಿವ್ವಳ 664, ಅಂದರೆ ಕಿಲೋ ಫೀಡ್‌ಗೆ 66 ಪೈಸೆ. ಹೊಸ ಫೀಡ್ 39.34.

ಹಳೆಯದರಲ್ಲಿ ಎಫ್‌ಸಿಆರ್ 1.60 ಇದ್ದರೆ ಕಿಲೋ ಕೋಳಿಗೆ ಫೀಡ್ ಖರ್ಚು 64 ರೂಪಾಯಿ. ಹೊಸದರಲ್ಲಿ 1.60 ಉಳಿದರೆ 62.94, ಒಂದು ರೂಪಾಯಿಗೂ ಹೆಚ್ಚು ಲಾಭ. 1.62 ಆದರೆ 63.73, ಲಾಭ ಕಾಲು ರೂಪಾಯಿಯಷ್ಟು. 1.63ಕ್ಕೆ ಹೋದರೆ 64.12, ಆಗಲೇ ನಷ್ಟ. ಎಫ್‌ಸಿಆರ್‌ನಲ್ಲಿ 0.03ರ ವ್ಯತ್ಯಾಸವನ್ನು ತೂಕ ಬರೆದಿಡದೆ ಕಣ್ಣಂದಾಜಿನಲ್ಲಿ ಯಾರೂ ಹಿಡಿಯಲಾರರು. ಅದಕ್ಕಾಗಿಯೇ ಪುಸ್ತಕ ಬೇಕು ಎನ್ನುವುದು. ನಿಮ್ಮ ಊರಿನ ಇವತ್ತಿನ ಬೆಲೆ ಹಾಕಿ ಇದೇ ಲೆಕ್ಕ ಮಾಡಿ.

ಒಂದು ಬ್ಯಾಚ್‌ನ ಫಲಿತಾಂಶ ನೋಡಿ ತೀರ್ಮಾನಿಸಬೇಡಿ. ಎರಡನೆಯ ಬ್ಯಾಚ್‌ನಲ್ಲೂ ಎಫ್‌ಸಿಆರ್ ನಿಂತಿದ್ದರೆ ಕಡಿತವನ್ನು 50ರಿಂದ 65 ಕ್ಯಾಲರಿಗೆ ಏರಿಸಿ, ಮತ್ತೆ ಅಂಕಣ ಮಾಡಿ ನೋಡಿ. ಸೂತ್ರ ಬದಲಿಸುವಾಗ ಅನುಮಾನವಿದ್ದರೆ ಕೋಲಾರದವರು ಟಮಕದ, ಚಿಕ್ಕಬಳ್ಳಾಪುರದವರು ಚಿಂತಾಮಣಿ ಬಳಿಯ ಕುರುಬೂರಿನ, ತುಮಕೂರಿನವರು ಹಿರೇಹಳ್ಳಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೂಡ ದೂರವಿಲ್ಲ. ಸೂತ್ರದ ಚೀಟಿ ಮತ್ತು ತೂಕದ ಪುಸ್ತಕ ಎರಡನ್ನೂ ಜೊತೆಗೆ ಒಯ್ಯಿರಿ.

ಎಂಜೈಮ್ ಕಂಪನಿ ಬದಲಿಸಿದ ದಿನ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಝೈಲನೇಸ್‌ನಂಥವುಗಳಲ್ಲಿ ಒಬ್ಬೊಬ್ಬ ತಯಾರಕರು ಒಂದೊಂದು ವಿಧಾನದಲ್ಲಿ ಯೂನಿಟ್ ಅಳೆಯುವುದರಿಂದ, ಒಂದರ ಸಾವಿರ ಯೂನಿಟ್ ಇನ್ನೊಂದರ ಸಾವಿರಕ್ಕೆ ಸಮವೆಂದು ಹಿಡಿಯುವಂತಿಲ್ಲ.